ಅತ್ತೆಯ ಬಲಗಣ್ಣು

ಹೊಸಹಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದುದು ಜಯತ್ತೆ ಕೂರುವ ಜಾಗಕ್ಕೆ. ಬೀದಿಗೆ ತೆರೆದ ಮುಂದಿನ ಕೋಣೆ, ಕಬ್ಬಿಣದ ಸರಳಿನ ಕಿಟಕಿ, ಅದರ ಕೆಳಗೆ ಅವಳ ಹೊಲಿಗೆ ಮಷೀನು. ಜಯತ್ತೆ ಅಪ್ಪನ ತಂಗಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ಅಡುಗೆಮನೆಯಲ್ಲಿ ಅಮ್ಮನ ಹಿಂದೆ ನಿಂತು ತರಕಾರಿ ಹೆಚ್ಚಿಕೊಂಡಿರಲು ಅವಳಿಗೆ ಮನಸ್ಸಾಗಲಿಲ್ಲ. ಹೊಲಿಗೆ ಕಲಿತು, ಸೀರೆಗೆ ಫಾಲ್ಸ್ ಹಚ್ಚುತ್ತ, ಬ್ಲೌಸಿನ ಅಂಚಿಗೆ ಕೈಹೊಲಿಗೆ ಹಾಕುತ್ತ ತನ್ನದೇ ಒಂದು ಜಾಗ ಮಾಡಿಕೊಂಡಳು. ಪಕ್ಕದ ವಿಜಯನಗರ ಬಡಾವಣೆಯಿಂದ ಹೆಂಗಸರು ಸೀರೆಯ ಕವರು ಹಿಡಿದು ಬರುತ್ತಿದ್ದರು. ಅವಳ ಹೊಲಿಗೆ ಮೇಲಿನಿಂದ ಕಾಣುವುದೇ ಇಲ್ಲ ಎನ್ನುವುದು ಅವರ ಹೊಗಳಿಕೆ. ತಾತನ ಕಾಲಕ್ಕೆ ನಮ್ಮ ಮನೆಯ ಸುತ್ತಲೆಲ್ಲ ರಾಗಿ ಹೊಲವಿತ್ತಂತೆ. ಹೊಲ ಬಡಾವಣೆಯಾದ ಮೇಲೆ ಉಳಿದ ಒಂದು ಸೈಟಿನಲ್ಲಿ ಅಪ್ಪ ಮನೆ ಕಟ್ಟಿಸಿ, ಮೇಲೆ ಎರಡು ಭಾಗ ಬಾಡಿಗೆಗೆ ಬಿಟ್ಟಿದ್ದರು. ಅದರ ಮೇಲೆ ತಾರಸಿಯಲ್ಲಿ ಒಂದೇ ಒಂದು ಕೋಣೆ. ಅಜ್ಜಿ ಮಾತ್ರ ಕೊನೆಯವರೆಗೂ ಎದುರಿನ ಟಾರು ರಸ್ತೆಯನ್ನು ‘ನಮ್ಮ ಹೊಲ’ ಎಂದೇ ಕರೆಯುತ್ತಿದ್ದಳು.

ತಾರಸಿಯ ಆ ಕೋಣೆಗೆ ಶಿವಲೀಲಾ ಮಿಸ್ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಗದಗದ ಕಡೆಯವರು. ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದರು. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಷ್ಟಕ್ಕೇ ಅಪ್ಪ ಹಿಂದೆ ಮುಂದೆ ನೋಡಿದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆಯೇ ಮಾತಾಡಿದಳು.

“ಪಾಪ, ಪಾಠ ಹೇಳೋರು ಕಣಣ್ಣ. ಕೊಡು. ನಾನಿದೀನಲ್ಲ ನೋಡ್ಕೊಳ್ಳೋಕೆ.”

ಮಿಸ್ ಬಂದ ದಿನ ಟೆಂಪೋದಿಂದ ಎರಡು ಟ್ರಂಕು, ಒಂದು ಸ್ಟವ್, ಆಮೇಲೆ ಕೌದಿಯಲ್ಲಿ ಸುತ್ತಿದ ಆಳೆತ್ತರದ ಒಂದು ಪೈಪು ಇಳಿಯಿತು. ಅಜ್ಜಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದಳು.

“ಬೋರ್‌ವೆಲ್ ಪೈಪ್ ಯಾಕವ್ವ ತಂದಿದೀಯ? ಮ್ಯಾಲೆ ಎಲ್ ಕೊರೀತೀಯ?”

“ಇದರಾಗ ಚಂದ್ರನ್ನ ನೋಡೂದ ಅಜ್ಜಿ,” ಎಂದರು ಮಿಸ್.

ಆ ಪೈಪೇ ಅವರ ದೂರದರ್ಶಕ. ಅದರ ತಳದಲ್ಲಿದ್ದ ಕನ್ನಡಿಯನ್ನು ಅವರೇ ತಿಂಗಳುಗಟ್ಟಲೆ ಕೈಯಲ್ಲಿ ಉಜ್ಜಿ ಮಾಡಿದ್ದರಂತೆ. ಸಂಜೆ ಕತ್ತಲಾದ ಮೇಲೆ ಊಟಕ್ಕೆ ಮೊದಲು ಒಂದರ್ಧ ಗಂಟೆ ನಾನು ಮೇಲೆ ಹೋಗುತ್ತಿದ್ದೆ. ಗುರುವಿನ ನಾಲ್ಕು ಚಂದ್ರರನ್ನು ನಾನು ಮೊದಲು ಕಂಡದ್ದು ಆ ತಾರಸಿಯಲ್ಲಿ, ಪಕ್ಕದ ಮನೆಯವರು ಒಣಹಾಕಿದ್ದ ಸೀರೆಗಳ ಸಂದಿಯಲ್ಲಿ. ಶನಿವಾರ ನನಗೆ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಮಿಸ್ ಕೋಣೆಯೊಳಗೇ ಪೈಪನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಕನ್ನಡಿಗಳನ್ನು ಸರಿಗೂಡಿಸುತ್ತಿದ್ದರು. ಅದಕ್ಕೆ ಅವರ ಹತ್ತಿರ ಟಾರ್ಚಿನ ಸೆಲ್ಲಿನಷ್ಟು ದಪ್ಪದ ಒಂದು ಕೆಂಪು ಲೇಸರ್ ಇತ್ತು. ಕಣ್ಣಿಟ್ಟು ನೋಡುವ ಮಸೂರದ ಜಾಗದಲ್ಲಿ ಅದನ್ನು ಕೂರಿಸಿದರೆ, ಬೆಳಕು ಪೈಪಿನ ಬಾಯಿಯ ಹತ್ತಿರದ ಚಿಕ್ಕ ಕನ್ನಡಿಗೆ ಬಡಿದು, ಅಲ್ಲಿಂದ ತಳದ ದೊಡ್ಡ ಕನ್ನಡಿಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಹಿಂದಿರುಗಿದ ಚುಕ್ಕೆ ಲೇಸರಿನ ಪಕ್ಕದಲ್ಲಿದ್ದ ಓರೆಯಾದ ಬಿಳಿ ತಟ್ಟೆಯ ಮೇಲೆ ಬೀಳುತ್ತದೆ. ಅದನ್ನು ಹೊರಗಡೆಯಿಂದಲೇ ನೋಡುತ್ತ, ತಳದ ಮೂರು ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಿ, ಚುಕ್ಕೆಯನ್ನು ತಟ್ಟೆಯ ನಡುವಿನ ತೂತಿಗೆ ತರಬೇಕು. ತಿರುಪು ಹಿಡಿಯಲು ಬಿಡುವ ಮೊದಲು ಪ್ರತಿ ಸಲವೂ ಮಿಸ್ ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

“ಮೊದಲು ಕೂಡಸೂದು, ಆಮ್ಯಾಲೆ ಹಚ್ಚೂದು. ಮೊದಲು ಆರಸೂದು, ಆಮ್ಯಾಲೆ ತಗಿಯೂದು. ಪೈಪಿನ ಬಾಯಿ ಯಾವ ಕಡೆ?”

“ಗೋಡೆ ಕಡೆ ಮಿಸ್.”

“ಬಾಯಾಗ ಮಾರಿ ಹಾಕಬಹುದೇನ?”

“ಇಲ್ಲ ಮಿಸ್, ಮುಖ ಹಾಕಬಾರದು.”

“ಯಾಕ?”

“ಕನ್ನಡಿಯಿಂದ ಬರೋ ಬೆಳಕೂ ಲೇಸರೇ ಮಿಸ್.”

“ಹಾಂ. ಕಣ್ಣಿಗೆ ನೋವಾಗಂಗಿಲ್ಲ, ಅದಕ್ಕ ಅಂಜಬೇಕು. ನೋವಾದ್ರ ಮನಷ್ಯಾ ಕಣ್ಣು ಮುಚ್ಚತಾನ.”

ಕೆಂಪು ಲೇಸರ್ ಅಲ್ಲದೆ ಪೆನ್ನಿನ ಹಾಗಿದ್ದ ಒಂದು ಹಸಿರು ಲೇಸರೂ ಅವರಲ್ಲಿತ್ತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಆಡಿಸುತ್ತಿದ್ದ ಹುಡುಗರಿಂದ ಕಿತ್ತುಕೊಂಡದ್ದು. ಅದರ ಮೈಮೇಲೆ ಬರೆದಿರುವುದು ಸುಳ್ಳು, ಬರೆದದ್ದಕ್ಕಿಂತ ಬಹಳ ಜೋರಾಗಿದೆ ಎಂದು ಅವರು ಹೇಳುತ್ತಿದ್ದರು. ಯಾವಾಗಲಾದರೂ ಅಪರೂಪಕ್ಕೆ, ಅಕ್ಕಪಕ್ಕದ ತಾರಸಿಗಳಲ್ಲಿ ಯಾರೂ ಇಲ್ಲವೆಂದು, ಮೇಲೆ ವಿಮಾನ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಗಳಿಗೆ ಹಚ್ಚಿ ನಕ್ಷತ್ರ ತೋರಿಸಿ ಆರಿಸುತ್ತಿದ್ದರು. ಆಮೇಲೆ ಸೆಲ್ ತೆಗೆದು ಒಂದು ಡಬ್ಬಿಗೆ, ಪೆನ್ನು ಇನ್ನೊಂದು ಡಬ್ಬಿಗೆ. ನನ್ನ ಕೈಗೆ ಅದನ್ನು ಒಮ್ಮೆಯೂ ಕೊಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕೈ ತಡೆಯುತ್ತದೆ. ಒಮ್ಮೆಯೂ ಕೊಡಲಿಲ್ಲ.

ಮಿಸ್ ನನ್ನವರು ಎಂದು ನಾನು ತಿಳಿದಿದ್ದೆ. ಆದರೆ ಆರು ತಿಂಗಳಲ್ಲಿ ಅವರು ಅತ್ತೆಯವರಾದರು. ಬ್ಲೌಸ್ ಹೊಲಿಸಲು ಬಂದವರು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಗಂಟೆಗಟ್ಟಲೆ ಕೂರತೊಡಗಿದರು. ಭಾನುವಾರ ಮೇಲಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಳಿದು ಬರುತ್ತಿತ್ತು, ಕೆಳಗಿನಿಂದ ಮುದ್ದೆ, ಬಸ್ಸಾರು ಮೇಲೆ ಹೋಗುತ್ತಿತ್ತು. ಗಂಡ ಸತ್ತ ಮೇಲೆ ಅತ್ತೆ ಹಲ್ಲು ಕಾಣುವಂತೆ ನಕ್ಕದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಈಗ ಬೀದಿಗೆ ಕೇಳುವಂತೆ ನಗುತ್ತಿದ್ದಳು. ಅಜ್ಜಿಗೆ ಅದು ಸರಿಬರುತ್ತಿರಲಿಲ್ಲ. ನನಗೂ ಸರಿಬರುತ್ತಿರಲಿಲ್ಲ. ನಾನು ಕೋಣೆಗೆ ಹೋದರೆ ಇಬ್ಬರೂ ಮಾತು ನಿಲ್ಲಿಸಿ ನನ್ನ ಮುಖ ನೋಡುವರು. ದೊಡ್ಡವರ ಮಾತು, ಆಟ ಆಡ್ಕೋ ಹೋಗು ಎನ್ನುವಳು ಅತ್ತೆ. ಕಾಲೇಜಿಗೆ ಹೋಗುವಾಗ ಮಿಸ್ ತಮ್ಮ ಕೋಣೆಯ ಬೀಗದ ಕೈಯನ್ನು ಅತ್ತೆಗೆ ಕೊಡುತ್ತಿದ್ದರು, ಗ್ಯಾಸ್ ಸಿಲಿಂಡರಿನವನು ಬಂದರೆ ಇರಲಿ ಎಂದು. ಅದು ಮಷೀನಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ಯಾಕೆ ನನಗೆ ಕೊಡಲಿಲ್ಲ ಎಂದು ನಾನು ಅದನ್ನು ನೋಡಿದಾಗಲೆಲ್ಲ ಕುದಿಯುತ್ತಿದ್ದೆ.

ಒಂದು ಶನಿವಾರ ಮಿಸ್ ಪೇಪರ್ ತಿದ್ದುವ ಕೆಲಸಕ್ಕೆ ಹೋಗಿದ್ದರು. ಅಮ್ಮ ಮತ್ತು ಅಜ್ಜಿ ಊಟ ಮಾಡಿ ಒರಗಿದ್ದರು. ನಾನು ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಅತ್ತೆಯನ್ನು ಕರೆದೆ.

“ಅತ್ತೆ, ಬಾ. ಟೆಲಿಸ್ಕೋಪ್ ಹೆಂಗೆ ಸರಿಮಾಡ್ತಾರೆ ತೋರಿಸ್ತೀನಿ.”

“ಮಿಸ್ ಇಲ್ವಲ್ಲೇ.”

“ಮಿಸ್ಸೇ ಹೇಳಿದಾರೆ ಮಾಡಿಡು ಅಂತ.”

ಅದು ಮೊದಲನೆಯ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸಿದ ಮೇಲೆ ನನಗೇ ನಿಜವೆನಿಸಿತು. ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಕಿಟಕಿಯಿಂದ ಬಿಸಿಲು ತುಂಬಿದ್ದ ಕೋಣೆಯಲ್ಲಿ ನಾನು ಹಚ್ಚಿದ ಕೆಂಪು ಲೇಸರಿನ ಚುಕ್ಕೆ ಮಂಕಾಗಿತ್ತು. ಅತ್ತೆ ತಟ್ಟೆಯನ್ನು ನೋಡಿ, ಏನೂ ಕಾಣಲ್ಲವಲ್ಲೇ, ಮಿಸ್ ಬಂದ ಮೇಲೆ ನೋಡೋಣ ಬಿಡು ಎಂದಳು. ಆ ಮಾತಿಗೆ ನನಗೆ ರೋಷ ಬಂತು. ಎರಡೂ ಡಬ್ಬಿ ತೆಗೆದೆ. ಹಸಿರು ಪೆನ್ನಿಗೆ ಸೆಲ್ ಹಾಕಿ, ದಪ್ಪ ಸಾಲದ್ದಕ್ಕೆ ನೋಟ್‌ಬುಕ್ಕಿನ ಹಾಳೆ ಸುತ್ತಿ, ಗುಂಡಿ ಒತ್ತಿದಂತೆಯೇ ಇರಲೆಂದು ತಲೆಯ ರಬ್ಬರ್ ಬ್ಯಾಂಡ್ ಬಿಗಿದು, ಮಸೂರದ ಜಾಗಕ್ಕೆ ತುರುಕಿದೆ. ಹಚ್ಚಿದ ಮೇಲೆ ಕೂರಿಸಿದೆ. ಪೈಪಿನ ಬಾಯಿ ಅತ್ತೆಯ ಕಡೆಗಿತ್ತು.

“ಈಗ ಬಾಯೊಳಗೆ ಬಗ್ಗಿ ನೋಡು. ತಳದಲ್ಲಿ ಹಸಿರು ಕಾಣುತ್ತೆ.”

“ಹೂಂ, ಕಾಣ್ತಿದೆ ಕಾಣ್ತಿದೆ. ಏನ್ ಚೆನ್ನಾಗಿದೆಯೇ!”

“ಅಲ್ಲಾಡ್ಬೇಡ. ಕಣ್ ಮಿಟುಕಿಸ್ಬೇಡ. ನಾನ್ ಸರಿ ಮಾಡ್ತೀನಿ.”

ತಳದಲ್ಲಿ ಕೂತು ತಿರುಪು ತಿರುಗಿಸುತ್ತ ತಲೆ ಎತ್ತಿದೆ. ಅತ್ತೆಯ ಕೆನ್ನೆಯ ಮೇಲೆ ಹಸಿರು ಚುಕ್ಕೆ ಹರಿದಾಡುತ್ತಿತ್ತು. ನನಗೆ ನಗು ಬಂತು. ಇನ್ನೂ ಸ್ವಲ್ಪ ತಿರುಗಿಸಿದೆ. ಅವಳು ಥಟ್ಟನೆ ಹಿಂದಕ್ಕೆ ಸರಿದು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ನಕ್ಕಳು.

“ಫೋಟೋ ಹೊಡೆದಂಗಾಯ್ತಲ್ಲೇ! ಸಾಕು ಬಾ, ಫಾಲ್ಸ್ ಬಾಕಿ ಇದೆ.”

ಆ ಸಂಜೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಹೊಸೆದು, ಸೂಜಿಯ ಕಣ್ಣಿನ ಪಕ್ಕಕ್ಕೆ ಚುಚ್ಚುತ್ತಿದ್ದಳು. ಮತ್ತೆ ಒದ್ದೆ ಮಾಡುವಳು, ಮತ್ತೆ ಪಕ್ಕಕ್ಕೆ. ಏನಾಯ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಟಿವಿ ಹಾಕಿಕೊಂಡು ಕೂತೆ. ಮೂರು ದಿನ ಅವಳು ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ರೇಷ್ಮೆ ಸೀರೆಯೊಂದರ ಅಂಚಿಗೆ ಕತ್ತರಿ ತಾಗಿಸಿದಾಗ ವಿಷಯ ಹೊರಬಿತ್ತು. ಎಲ್ಲಿ ದೃಷ್ಟಿ ಇಟ್ಟರೆ ಅಲ್ಲೇ ಒಂದು ಕಪ್ಪು ಹನಿ ಕೂರುತ್ತೆ ಕಣಣ್ಣ, ಈ ಕಣ್ಣಲ್ಲಿ ನಿನ್ ಮುಖ ನೋಡಿದ್ರೆ ಮೂಗೇ ಇಲ್ಲ ಎಂದಳು. ಅಪ್ಪ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿ, ನನ್ನನ್ನು ಮುಂದೆ ನಿಲ್ಲಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ನಾನೇ ಹಟ ಮಾಡಿ ಹೋದದ್ದು. ನಾನಿಲ್ಲದಾಗ ಅವಳು ಏನು ಹೇಳುತ್ತಾಳೋ ಎಂಬ ಭಯದಿಂದ ಹೋದೆ, ಅವಳ ಮೇಲಿನ ಅಕ್ಕರೆಯಿಂದಲ್ಲ.

ಡಾಕ್ಟರಮ್ಮ ಕಣ್ಣಿಗೆ ಹನಿ ಬಿಟ್ಟು, ಬಹಳ ಹೊತ್ತು ನೋಡಿ, ಗ್ರಹಣ ನೋಡಿದ್ರಾ, ವೆಲ್ಡಿಂಗ್ ನೋಡಿದ್ರಾ ಎಂದು ಕೇಳಿದರು. ಅತ್ತೆ ಹಸಿರು ದೀಪದ ವಿಷಯ ಹೇಳಿದಳು. ಆಕೆ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು.

“ಲೇಸರ್ರಾ? ಮಕ್ಕಳ ಕೈಗೆ ಅದನ್ನ ಯಾರಮ್ಮ ಕೊಟ್ಟಿದ್ದು?”

ಅಪ್ಪನ ಕಣ್ಣು ನನ್ನ ಮೇಲಿತ್ತು. ಅತ್ತೆ ಔಷಧಿಯ ಹನಿಯಿಂದ ಮಂಜಾದ ಎರಡೂ ಕಣ್ಣನ್ನು ನನ್ನ ಕಡೆಗೆ ತಿರುಗಿಸಿದಳು.

“ಮೇಲ್ಗಡೆ ಮಿಸ್ಸು,” ಎಂದೆ. “ಅವರೇ ಕೊಟ್ಟು, ಹಿಂಗೆ ಮಾಡು ಅಂತ ಹೇಳ್ಕೊಟ್ಟಿದ್ರು.”

ಕಣ್ಣಿನ ಹಿಂದಿನ ಪರದೆಯ ನಡುಮಧ್ಯದಲ್ಲಿ ಸುಟ್ಟ ಗುರುತಿದೆ, ಇದಕ್ಕೆ ಆಪರೇಷನ್ ಇಲ್ಲ, ಕೆಲವರಿಗೆ ತಾನಾಗಿ ಸ್ವಲ್ಪ ಸುಧಾರಿಸುತ್ತದೆ, ಕಾಯಬೇಕು ಎಂದರು ಡಾಕ್ಟರಮ್ಮ. ಮನೆಗೆ ಬಂದ ಕೂಡಲೇ ಅಪ್ಪ ಮಿಸ್ಸನ್ನು ಕೆಳಗೆ ಕರೆಸಿದರು. ಅವರು ಕಾಲೇಜಿನಿಂದ ಆಗಷ್ಟೇ ಬಂದಿದ್ದರು, ಬೆರಳಲ್ಲಿ ಸೀಮೆಸುಣ್ಣವಿತ್ತು. ಅಪ್ಪ ಹೇಳಿದ್ದೆಲ್ಲವನ್ನೂ ನಿಂತೇ ಕೇಳಿಸಿಕೊಂಡರು. ಅಜ್ಜಿ ನಡುನಡುವೆ, ಒಂಟಿ ಹೆಂಗಸ್ರನ್ನ ಮನೆಗ್ ಸೇರಿಸ್ಬ್ಯಾಡ ಅಂತ ಬಡ್ಕಂಡೆ ಎಂದು ಸೇರಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಮಿಸ್ ನನ್ನ ಮುಂದೆ ಬಂದು ನಿಂತರು.

“ನಾ ಕೊಟ್ಟಿದ್ನೇನವಾ?”

ದನಿ ಎತ್ತರಿಸಿರಲಿಲ್ಲ. ತಿರುಪಿನ ಪಾಠ ಒಪ್ಪಿಸಿಕೊಳ್ಳುವಾಗ ಕೇಳುತ್ತಿದ್ದ ಹಾಗೆಯೇ ಕೇಳಿದರು. ನಾನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದೆ.

ಮಿಸ್ ಅಪ್ಪನ ಕಡೆ ತಿರುಗಿದರು.

“ನಾ ಕೊಟ್ಟಿಲ್ಲರಿ. ಆದ್ರ ಅಂಥಾದ್ದು ನನ್ನ ಖೋಲಿಯೊಳಗಿತ್ತು. ಅದನ್ನ ಒಡದು ಹಾಕಬೇಕಿತ್ತು, ಇಟಗೊಂಡೆ. ಅಷ್ಟು ತಪ್ಪು ನಂದೂ ಐತಿ.” ಒಳಕೋಣೆಯ ಬಾಗಿಲಿನ ಕಡೆ ನೋಡಿ, “ಜಯಕ್ಕನ ಜೋಡಿ ಒಂದ ಮಾತ ಆಡಲೇನ್ರಿ?” ಎಂದರು.

“ಏನೂ ಬೇಡ. ಈ ತಿಂಗಳು ಮುಗಿಯೋದ್ರಲ್ಲಿ ಖಾಲಿ ಮಾಡಿ,” ಎಂದರು ಅಪ್ಪ.

ಅವರು ತಿಂಗಳು ಮುಗಿಯುವವರೆಗೂ ಇರಲಿಲ್ಲ. ಮುಂದಿನ ಭಾನುವಾರವೇ ಟೆಂಪೋ ಬಂತು. ಕೌದಿ ಸುತ್ತಿದ ಪೈಪು ಮೆಟ್ಟಿಲು ಇಳಿಯುವಾಗ ನಾನು ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು, ಬಕೆಟ್ಟಿಗೆ ನೀರು ಬಿಟ್ಟು ಕೂತಿದ್ದೆ. ನೀರಿನ ಸದ್ದಿನಲ್ಲಿ ಏನೂ ಕೇಳಿಸದು ಎಂದುಕೊಂಡಿದ್ದೆ. ಮುಂದಿನ ಕೋಣೆಯ ಬಾಗಿಲು ಬಡಿದ ಸದ್ದು ಕೇಳಿಸಿತು, ಎರಡು ಸಲ.

ಆರು ತಿಂಗಳಾದರೂ ಅತ್ತೆಯ ಬಲಗಣ್ಣಿನ ಕಪ್ಪು ಹನಿ ಸ್ವಲ್ಪ ಚಿಕ್ಕದಾಯಿತೇ ಹೊರತು ಹೋಗಲಿಲ್ಲ. ಎಡಗಣ್ಣಿನಲ್ಲಿ ಹೊಲಿಯುವುದನ್ನು ಅಭ್ಯಾಸ ಮಾಡಿಕೊಂಡಳು. ಬ್ಲೌಸ್ ಬಿಟ್ಟಳು, ಫಾಲ್ಸ್ ಉಳಿಸಿಕೊಂಡಳು. ಸೂಜಿಯ ಕಣ್ಣು ಮಾತ್ರ ಅವಳಿಗೆ ಸಿಗುತ್ತಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಸ್ಕೂಲಿಗೆ ಹೊರಡುವ ಮೊದಲು ಹತ್ತು ಸೂಜಿಗೆ ಹತ್ತು ಬಣ್ಣದ ದಾರ ಪೋಣಿಸಿ ಗೋಡೆಯ ಮೇಲಿನ ಬಟ್ಟೆಗೆ ಸಾಲಾಗಿ ಚುಚ್ಚಬೇಕು. ನನ್ ಬಂಗಾರ, ನೀನಿಲ್ದಿದ್ರೆ ನಾನ್ ಏನ್ ಮಾಡ್ಲಿ ಎನ್ನುವಳು. ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಮಕ್ಕಳಿಗೇನು ಗೊತ್ತು, ತಿಳಿದವರೇ ಹಾಗೆ ಮಾಡಿದರೆ ಎಂದು ಗಿರಾಕಿಗಳ ಮುಂದೆ ನನ್ನ ಪರ ವಹಿಸುವಳು. ಹಬ್ಬದ ದಿನ ಒಬ್ಬಟ್ಟಿಗೆ ಎಲ್ಲರಿಗಿಂತ ಹೆಚ್ಚು ತುಪ್ಪ ನನಗೆ ಹಾಕುವಳು. ನಾನು ತಿನ್ನುತ್ತಿದ್ದೆ. ಬಯ್ಯಿಸಿಕೊಂಡಿದ್ದರೆ ಯಾವತ್ತೋ ಹೇಳಿಬಿಡುತ್ತಿದ್ದೆನೋ ಏನೋ ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ನನಗೆ ಆ ತುಪ್ಪ ಇಷ್ಟವಿತ್ತು, ಬಂಗಾರ ಎನ್ನಿಸಿಕೊಳ್ಳುವುದು ಇಷ್ಟವಿತ್ತು.

ಹೀಗೆ ಒಂದೂವರೆ ವರ್ಷ ಕಳೆಯಿತು. ತಾರಸಿಯ ಕೋಣೆ ಮತ್ತೆ ಖಾಲಿಯಾಗಿ ಅಪ್ಪ ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು ಕಟ್ಟಿದ್ದರು. ಒಂದು ಮಧ್ಯಾಹ್ನ ನರ್ಸ್ ಕೆಲಸದ ಹೆಂಗಸೊಬ್ಬಳು ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು ಕೇಳಿದಳು. ಬಿಸಿಲಿಗೆ ಇಬ್ಬರ ಮುಖವೂ ಕಪ್ಪಿಟ್ಟಿತ್ತು. ಅಪ್ಪ ಗೇಟು ತೆಗೆಯಲೇ ಇಲ್ಲ.

“ಗಂಡಸರಿಲ್ಲದ ಮನೆಯವರಿಗೆ ಕೊಡಲ್ಲಮ್ಮ. ಹಿಂದೆ ಒಬ್ಬ ಮಿಸ್ಸಿಗೆ ಕೊಟ್ಟು ನನ್ನ ತಂಗಿ ಕಣ್ಣು ಹೋಯ್ತು. ಬೇಕಾದ್ರೆ ಇವಳನ್ನೇ ಕೇಳಿ, ಇವಳ ಕೈಲೇ ಮಾಡಿಸಿದ್ಲು.”

ನರ್ಸ್ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ, ಮತ್ತೊಮ್ಮೆ. ತಾಯಿ ಮಗಳು ನೀರನ್ನೂ ಕೇಳದೆ ಹೊರಟುಹೋದರು. ಅವರು ಬೀದಿಯ ತಿರುವು ದಾಟುವವರೆಗೂ ನೋಡುತ್ತಿದ್ದು, ಒಳಗೆ ಹೋಗಿ ಅತ್ತೆಯ ಮಷೀನಿನ ಪಕ್ಕ ನೆಲದ ಮೇಲೆ ಕೂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೊನೆಯಿಂದ ಹೇಳಿದೆ. ಮಿಸ್ ಕೊಟ್ಟಿರಲಿಲ್ಲ ಅತ್ತೆ, ನಾನೇ ತಗೊಂಡೆ. ಬಾಯೊಳಗೆ ನೋಡಬಾರದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ನಿಂಗೆ ನೋಡು ಅಂದೆ.

ಅತ್ತೆ ಪೆಡಲಿನ ಮೇಲಿಂದ ಕಾಲು ತೆಗೆದಳು. ಕಣ್ಣಿನ ವಿಷಯಕ್ಕೆ ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ.

“ಅವರು ಹೋಗೋ ದಿನ ಬಾಗಿಲು ಬಡಿದ್ರು. ನಾನು ಇಲ್ಲೇ ಕೂತಿದ್ದೆ ಕಣೇ. ತೆಗೀಲಿಲ್ಲ. ಗೊತ್ತಾ ನಿಂಗೆ?”

“ಹೂಂ.”

“ಜಯಕ್ಕಾ, ನೀವಾದ್ರೂ ನನ್ನ ನಂಬ್ರಿ ಅಂದ್ರು. ನಾನು ಉಸಿರು ಬಿಡ್ದೆ ಕೂತಿದ್ದೆ.” ಮಷೀನಿನ ಮೇಲಿದ್ದ ಸೀರೆಯನ್ನು ಪಕ್ಕಕ್ಕೆ ತಳ್ಳಿದಳು. “ಕಣ್ಣು ಹೋದ್ರೆ ಹೋಗ್ಲಿ. ನನ್ನ ಕೈಲಿ ಇಂಥ ಕೆಲ್ಸ ಮಾಡ್ಸಿದ್ಯಲ್ಲೇ.”

ಆಮೇಲೆ ಅವಳು ನನ್ನನ್ನು ಬಂಗಾರ ಎಂದು ಕರೆಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಮಿಸ್ಸಿನ ಕಾಲೇಜಿಗೆ ಒಬ್ಬಳೇ ಹೋಗಿ, ಅವರು ದೀಪಾಂಜಲಿ ನಗರದಲ್ಲಿ ಇದ್ದಾರೆಂದು ವಿಳಾಸ ತಂದಳು. ಭಾನುವಾರ ನನ್ನನ್ನು ಹೊರಡಿಸಿದಳು. ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: “ನೀನೇ ಹೇಳ್ಬೇಕು. ನಾನ್ ಬಾಯಿ ಹಾಕಲ್ಲ.”

ಮಿಸ್ ಬಾಗಿಲು ತೆಗೆದು ಮೊದಲು ನೋಡಿದ್ದು ಅತ್ತೆಯ ಕಣ್ಣನ್ನು. ಒಳಗೆ ಕರೆಯುವ ಮೊದಲೇ ನಾನು ಹೊಸಿಲಿನ ಆಚೆ ನಿಂತು ಎಲ್ಲ ಹೇಳಿದೆ. ಬೀಗದ ಕೈ, ಎರಡು ಡಬ್ಬಿ, ರಬ್ಬರ್ ಬ್ಯಾಂಡು, ಆಸ್ಪತ್ರೆಯಲ್ಲಿ ಹೇಳಿದ್ದು. ಅವರು ಅಡ್ಡ ಮಾತಾಡದೆ ಕೇಳಿಸಿಕೊಂಡರು.

“ಹೇಳಿದ್ದು ಚಲೋ ಆತು,” ಎಂದರು ಕೊನೆಗೆ. “ಆದ್ರ ನಾ ನಿನಗ ಇನ್ನ ಕಲಸಂಗಿಲ್ಲವಾ. ನನ್ನ ಕಡಿಂದ ಆಗೂದಿಲ್ಲ.”

ನಾನು ಆಗಲಿ ಎಂದೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಕ್ಷಮೆಯ ಮಾತನ್ನು ಹೇಳಲೇ ಇಲ್ಲ. ಮಿಸ್ ಅತ್ತೆಯ ಕೈ ಹಿಡಿದು, ಬರ್ರಿ ಜಯಕ್ಕಾ ಎಂದು ಒಳಗೆ ಕರೆದೊಯ್ದರು. ಬಾಗಿಲು ಹಾಕಲಿಲ್ಲ. ಆದರೂ ನನಗೆ ಹೋಗಬೇಕೆನಿಸಲಿಲ್ಲ. ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕೂತೆ. ಮೊದಲು ಅತ್ತೆ ಅತ್ತದ್ದು ಕೇಳಿಸಿತು. ಆಮೇಲೆ ಪಾತ್ರೆಯ ಸದ್ದು, ಚಹಾದ ವಾಸನೆ. ಮಿಸ್ ಬಂದು ನನ್ನ ಪಕ್ಕದಲ್ಲಿ ಒಂದು ಲೋಟ ಇಟ್ಟು ಒಳಗೆ ಹೋದರು. ಅಷ್ಟು ಸಿಹಿಯಾದ ಚಹಾವನ್ನು ನಾನು ಅಷ್ಟು ಕಷ್ಟಪಟ್ಟು ಕುಡಿದದ್ದಿಲ್ಲ.

ಮನೆಗೆ ಬಂದು ಅಪ್ಪನಿಗೂ ಹೇಳಿದೆವು. ಅವರು ಪೇಪರ್ ಮಡಿಸಿಟ್ಟು, ಆಗಿದ್ದಾಯ್ತು, ಇನ್ನು ಇದನ್ನ ಹೊರಗೆಲ್ಲೂ ಆಡ್ಬೇಡಿ ಎಂದರು. ತಾರಸಿಯ ಕೋಣೆಗೆ ಗಂಡ ಹೆಂಡತಿ ಇಬ್ಬರು ಬಂದರು. ಒಂಟಿ ಹೆಂಗಸರಿಗೆ ಕೊಡುವುದಿಲ್ಲ ಎಂಬ ನಮ್ಮ ಮನೆಯ ನಿಯಮ ಹಾಗೆಯೇ ಉಳಿಯಿತು. ಹುಟ್ಟಿದ್ದು ನನ್ನ ಬಾಯಿಂದ, ಅಳಿಸಲು ನನ್ನ ಬಾಯಿಗೆ ಆಗಲಿಲ್ಲ.

ಅತ್ತೆ ಮಾತ್ರ ಎರಡು ವಾರಕ್ಕೊಮ್ಮೆ ಭಾನುವಾರ ದೀಪಾಂಜಲಿ ನಗರಕ್ಕೆ ಹೋಗಿಬರುತ್ತಿದ್ದಳು. ಡಬ್ಬಿಯಲ್ಲಿ ಬಸ್ಸಾರು, ಎಲೆಯಲ್ಲಿ ಸುತ್ತಿದ ಮುದ್ದೆ. ಬಸ್‌ಸ್ಟಾಪಿನವರೆಗೆ ನಾನು ಜೊತೆಗೆ ಹೋಗುತ್ತಿದ್ದೆ. ಒಂದು ಕಣ್ಣಿನಲ್ಲಿ ಅವಳಿಗೆ ಬಸ್ಸು ಎಷ್ಟು ದೂರವಿದೆಯೆಂದು ಅಂದಾಜಾಗುತ್ತಿರಲಿಲ್ಲ, ಬೋರ್ಡು ನಾನು ಓದಿ ಹೇಳಬೇಕು. ಹತ್ತಿ ಕೂತ ಮೇಲೆ ಕಿಟಕಿಯಿಂದ, ಮನೆಗ್ ಹೋಗು, ಬಿಸಿಲಿದೆ ಎನ್ನುವಳು. ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ನಾನೂ ಬರಲಾ ಎಂದು ಕೇಳಲಿಲ್ಲ.